ಬೀಗ ಹಾಕಿದ ಅಕ್ಷರಗಳು

ಪಂಚಾಯಿತಿ ಅಧ್ಯಕ್ಷ ಬಸಪ್ಪಾಜಿ ಅಂಗನವಾಡಿಗೆ ಮರದ ಅಕ್ಷರಗಳನ್ನು ಕೊಡಿಸಿದರು. ಮಕ್ಕಳು ಮುಟ್ಟಿದರೆ ಬಣ್ಣ ಹೋದೀತೆಂದು ಗಾಜಿನ ಬೀರುವಿನಲ್ಲಿಟ್ಟು ಬೀಗವನ್ನೂ ಹಾಕಿದರು. ಮಕ್ಕಳು ಗಾಜಿಗೆ ಮೂಗೊತ್ತಿ ನಿಲ್ಲುವುದನ್ನು ನೋಡಲಾರದೆ ಟೀಚರ್ ಪುಟ್ಟಮಾದಮ್ಮ ಅಧ್ಯಕ್ಷರ ಮನೆಗೆ ಹೋದರು.

"ಶಾಸಕರು ಬಂದಾಗ ಮಕ್ಕಳು ನಿಮ್ಮ ಹೆಸರು ಜೋಡಿಸಿ ಓದಲಿ ಅಂತ ಆಸೆ. ಅದಕ್ಕೆ ಕೈಯಾಡಿಸಿ ಕಲೀಬೇಕು."

"ನನ್ನ ಹೆಸರಿನ ಅಕ್ಷರ ಮಾತ್ರ ತಗೊಳ್ಳಿ."

"ಬರೀ ಹೆಸರು ಚೆನ್ನಾಗಿರುತ್ತಾ? 'ಸನ್ಮಾನ್ಯ' ಬೇಕು, 'ಘನತೆವೆತ್ತ' ಬೇಕು, 'ಅಧ್ಯಕ್ಷರು' ಬೇಕು. ಯಾವ ಅಕ್ಷರ ಬಿಡಲಿ, ನೀವೇ ಹೇಳಿ."

ಬಸಪ್ಪಾಜಿ ಮೀಸೆ ನೀವಿಕೊಂಡು ಕೀಲಿಕೈ ಕೊಟ್ಟರು.

ಕೆಲವು ದಿನ ಬಿಟ್ಟು ನೋಡಲು ಬಂದರು. ಪುಟ್ಟ ಹುಡುಗಿಯೊಬ್ಬಳು 'ಬ' ಅಕ್ಷರದ ಮೇಲೆ ಬೆರಳಾಡಿಸುತ್ತಿದ್ದಳು.

"ಇದು ಯಾರ ಬ, ಮಗಾ?" ಎಂದು ಆಸೆಯಿಂದ ಕೇಳಿದರು.

"ಬದನೆಕಾಯಿದು."

ತಿದ್ದಲು ಬಾಯಿ ತೆರೆದ ಬಸಪ್ಪಾಜಿ ಅವಳ ಮುಖ ನೋಡಿದರು. ಪಕ್ಕದಲ್ಲೇ ಕೂತು, "ಹೌದು, ಬದನೆಕಾಯಿದೇ" ಎಂದರು.