ಶಂಕ್ರೆವ್ವ ಜಗಳ ಬಿಟ್ಟಳು

ಬೆಳಗಾವಿ ಕಡೆಯ ಒಂದು ಊರಲ್ಲಿ ಅಡಿವೆಪ್ಪ ಅಂತ ಒಬ್ಬನಿದ್ದ. ಗೋವೆಯ ಕ್ಯಾಸಿನೋಗಳಲ್ಲಿ ಪೋಕರ್ ಆಡಿ ಹಣ್ಣಾದವನು. ಮನೆಯಲ್ಲಿದ್ದ ದಿನ ಸಂಜೆಯಾದರೆ ಅವನ ಪಡಸಾಲೆ ತುಂಬ ಇಸ್ಪೀಟಿನ ಗೀಳು ಹತ್ತಿದವರು. ದೇವರ ಹತ್ತಿರ ಕೇಳಬೇಕಾದ್ದನ್ನೂ ಅವರು ಅಡಿವೆಪ್ಪನ ಹತ್ತಿರವೇ ಕೇಳುತ್ತಿದ್ದರು.

"ಗುರುಗಳ, ಎದುರಿನವ ಇದ್ದಬದ್ದ ಪಣದ ಬಿಲ್ಲೆ ಎಲ್ಲಾ ಒಮ್ಮೆಲೇ ಮುಂದ ತಳ್ಳಿದ್ರ ಏನ್ ಮಾಡೂದ್ರಿ?"

"ಬಿಲ್ಲೆ ನೋಡಬ್ಯಾಡ, ಅವನ ಗಂಟಲ ನೋಡು. ಉಗುಳು ನುಂಗಿದ್ನೋ, ಸುಳ್ಳು."

"ಕೈಯಾಗ ರಾಜಾ ರಾಣಿ ಬಂದಾವ್ರಿ, ಬಿಡಾಕ ಮನಸ ಬರೂದಿಲ್ಲ."

"ಮನಸಿನ ಮಾತ ಕೇಳಿ ಆಡಾವ ಮನಿ ಕಳಕೊಂತಾನ. ಮೊದಲ ಎಲಿ ಕೆಳಗಿಡಾಕ ಕಲಿ."

ಇವೆಲ್ಲ ಸಣ್ಣ ಪಾಠ. ಅವನ ದೊಡ್ಡ ಪಾಠ ಬೇರೆಯೇ ಇತ್ತು. "ಎದುರಿನವ ನಗತಾನೋ, ಸಿಟ್ಟ ಮಾಡತಾನೋ, ಅದು ಮುಖ್ಯ ಅಲ್ಲ. ನಿನ್ನೆ ಹ್ಯಾಂಗಿದ್ದ, ಇವತ್ತ ಹ್ಯಾಂಗ ಅದಾನ, ಅದನ್ನ ನೋಡು. ಎಲ್ಲಿ ಬದಲಾದನೋ ಅಲ್ಲಿ ಗುಟ್ಟ ಐತಿ." ಈ ಮಾತು ಹೇಳುವಾಗ ಅವನು ಕಣ್ಣು ಅರ್ಧ ಮುಚ್ಚುತ್ತಿದ್ದ. ಶಿಷ್ಯರು ತಲೆದೂಗುತ್ತಿದ್ದರು.

ಹೊರಟವರನ್ನು ಎಲ್ಲಿಗೆ ಅಂತ ಕೇಳಬಾರದು ಅನ್ನುವ ಪದ್ಧತಿ ನಮ್ಮಲ್ಲಿ ಇದ್ದದ್ದೇ. ಅಡಿವೆಪ್ಪ ಅದಕ್ಕೆ ತನ್ನದೊಂದು ಬಾಲ ಸೇರಿಸಿದ್ದ. ಆಟಕ್ಕೆ ಹೊರಟವನ ಮುಂದೆ ಮನೆಯವರು ಕೆಟ್ಟ ಸುದ್ದಿ ತೆಗೆಯಲೇಬಾರದು. ಚಿಂತೆ ಹೊತ್ತುಕೊಂಡು ಮೇಜಿನ ಮುಂದೆ ಕೂತರೆ ಎದುರಿನವನು ಮುಖ ಓದಿಬಿಡುತ್ತಾನೆ ಅನ್ನುವುದು ಅವನ ಲೆಕ್ಕಾಚಾರ. ಶಿಷ್ಯರೆಲ್ಲ ತಂತಮ್ಮ ಮನೆಗಳಲ್ಲೂ ಇದನ್ನೇ ಕಟ್ಟಳೆ ಮಾಡಿದರು.

ಈ ಕಟ್ಟಳೆಗೆ ಕವಡೆ ಕಿಮ್ಮತ್ತೂ ಕೊಡದವಳು ಒಬ್ಬಳೇ, ಅವನ ಹೆಂಡತಿ ಶಂಕ್ರೆವ್ವ. ಅವನು ಚೀಲ ಹೆಗಲಿಗೇರಿಸಿದ ಹೊತ್ತಿಗೇ ಅವಳಿಗೆ ಎಲ್ಲ ನೆನಪಾಗುತ್ತಿತ್ತು. ನಳ ಸೋರುತ್ತದೆ. ತಮ್ಮನ ಮನೆಯ ಸೀಮಂತಕ್ಕೆ ನೀವು ಬರಲಿಲ್ಲ. ಹಿತ್ತಲ ಬಾಗಿಲು ಮುರಿದು ಎಷ್ಟು ಕಾಲವಾಯಿತು. ಬಾಗಿಲಿಗೆ ಅಡ್ಡ ನಿಂತು, ಓಣಿಗೆಲ್ಲ ಕೇಳುವ ಹಾಗೆ ಬೈದು, ಆಮೇಲೆ ರೊಟ್ಟಿ-ಶೇಂಗಾ ಚಟ್ನಿಯ ಗಂಟನ್ನು ಅವನ ಕೈಗೆ ತುರುಕುತ್ತಿದ್ದಳು. ಗೋವೆಯ ಬಸ್ಸು ಚೋರ್ಲಾ ಘಾಟು ಇಳಿಯುವ ತನಕ ಆ ಬೈಗುಳ ಅವನ ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು.

ಒಂದು ಶ್ರಾವಣದಲ್ಲಿ ಶಂಕ್ರೆವ್ವ ಜಗಳ ಬಿಟ್ಟಳು.

ಅವನು ಚೀಲ ಎತ್ತಿಕೊಂಡರೆ ನಕ್ಕು ಪಕ್ಕಕ್ಕೆ ಸರಿದಳು. "ಹೋಗಿ ಬರ್ರಿ" ಅಂದಳು, ಅಷ್ಟೇ. ಆ ಸಲವೂ ಹಾಗೇ, ಮುಂದಿನ ಸಲವೂ ಹಾಗೇ. ಅಡಿವೆಪ್ಪನಿಗೆ ಆನೆಬಲ ಬಂತು. "ನಮ್ಮಾಕಿಗೂ ಕಡೀಗೆ ಬುದ್ಧಿ ಬಂತು ನೋಡ್ರೆಪಾ" ಅಂತ ಪಡಸಾಲೆಯಲ್ಲಿ ಹೇಳಿಕೊಂಡ. ಎಲ್ಲರೂ ನಕ್ಕರು. ಒಳಗೆ ಶಂಕ್ರೆವ್ವನಿಗೂ ಕೇಳಿಸಿತು. ಅವಳೂ ನಕ್ಕಳು.

ದೀಪಾವಳಿ ಕಳೆದ ಮೇಲೆ ಸೋಮನಿಂಗ ಅನ್ನುವ ಶಿಷ್ಯ ಒಂದು ಪ್ರಶ್ನೆ ಹೊತ್ತು ಬಂದ. ಅವನದು ಊರಲ್ಲಿ ಟೈರಿನ ಅಂಗಡಿ. ಆಟದಲ್ಲಿ ಸ್ವಲ್ಪ ಮಂದ, ಆದರೆ ಕೇಳುವುದರಲ್ಲಿ ಸಂಕೋಚವಿಲ್ಲ.

"ಗುರುಗಳ, ನಮ್ಮ ಮೇಜಿಗೆ ಒಬ್ಬಾಂವ ಬರತಾನ. ಮೊದಲೆಲ್ಲಾ ಎಲಿ ಎಲಿಗೂ ತಂಟಿ ತೆಗೀತಿದ್ದ. ಈಗೀಗ ಸುಮ್ಮನ ನಗತಾನ. ಎಲ್ಲಾ ನನಗ ಬಿಟ್ಟ ಕೊಡತಾನ. ಅವನ ಕೈಯಾಗ ಏನಿರಬೇಕ್ರಿ?"

ಅಡಿವೆಪ್ಪ ಕಣ್ಣು ಅರ್ಧ ಮುಚ್ಚಿದ. "ಏನೂ ಇಲ್ಲ. ತಂಟಿ ತೆಗಿಯಾಂವಗ ಗೆಲ್ಲೂ ಆಸೆ ಇರತೈತಿ. ಆಡಾಕ ಶಕ್ತಿ ಉಳಿದಿಲ್ಲ ಅಂದಾಗ ಮನಶ್ಯಾ ಜಗಳ ಬಿಡತಾನ. ಬಿಟ್ಟು ನಗತಾನ, ಎದುರಿನವರಿಗೆ ಗೊತ್ತಾಗಬಾರದಂತ."

ಅಷ್ಟರಲ್ಲಿ ಶಂಕ್ರೆವ್ವ ಚಹಾ ತಂದಳು. ತಾಟು ಒಂದೇ ಕೈಯಲ್ಲಿತ್ತು. ಇನ್ನೊಂದು ಕೈ ಬಾಗಿಲ ಚೌಕಟ್ಟನ್ನು ಹಿಡಿದಿತ್ತು. ಮುಖದಲ್ಲಿ ಅದೇ ನಗು. ಕುಪ್ಪಸದ ತೋಳು ಸಡಿಲಾಗಿ ಜೋತು ಬಿದ್ದಿತ್ತು.

ಅಡಿವೆಪ್ಪ ಅವಳನ್ನೇ ನೋಡಿದ. ಶ್ರಾವಣದಿಂದ ಈಚೆಗೆ ಅವಳನ್ನು ನಿಜವಾಗಿ ನೋಡಿದ್ದು ಅದೇ ಮೊದಲು. ಸೋಮನಿಂಗ ಇನ್ನೂ ಏನೋ ಕೇಳುತ್ತಿದ್ದ. ಅಡಿವೆಪ್ಪ ಎದ್ದು ಹೆಂಡತಿಯ ಹಿಂದೆ ಅಡುಗೆಮನೆಗೆ ಹೋದ.

"ಏನಾಗೈತಿ ನಿನಗ?"

"ಏನಿಲ್ಲ ತಗೋರಿ."

"ಶಂಕ್ರೆವ್ವಾ."

ಅವಳು ಒಲೆಯ ಪಕ್ಕ ಕೂತಳು. ನಗು ಹೋಯಿತು. "ಹೊಟ್ಟ್ಯಾಗ ಗಡ್ಡಿ ಆದಂಗ ಆಗೈತ್ರಿ. ಬ್ಯಾನಿ ತಡಿಯಾಕ ಆಗವಲ್ದು."

"ಒಂದ ಮಾತ ಹೇಳಬಾರದಿತ್ತೇನ?"

"ನೀವ ಅಂತಿದ್ರೆಲ್ಲ, ಹೊಂಟವರ ಮುಂದ ಕೆಟ್ಟ ಸುದ್ದಿ ತೆಗೀಬಾರದಂತ. ಬಂದ ಮ್ಯಾಲೆ ಹೇಳೂಣು ಅಂತ ಕಾದೆ. ನೀವು ಯಾವಾಗ ನೋಡಿದ್ರೂ ಹೊಂಟ ಇರ್ತಿದ್ರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವನ ಎದೆ ಒಡೆಯಿತು.

ಮರುದಿನವೇ ದೊಡ್ಡ ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರು ಸ್ಕ್ಯಾನಿಂಗ್ ಚಿತ್ರಗಳನ್ನು ಬೆಳಕಿಗೆ ಹಿಡಿದು ನೋಡಿದರು. ಅವರ ಮುಖ ಓದಲು ಅಡಿವೆಪ್ಪನಿಗೆ ಯಾವ ವಿದ್ಯೆಯೂ ಬೇಕಾಗಲಿಲ್ಲ. ಮಳೆಗಾಲದಲ್ಲೇ ಕರೆತಂದಿದ್ದರೆ ಏನಾದರೂ ಮಾಡಬಹುದಿತ್ತು ಅಂದರು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನಲ್ಲಿ ಬಿತ್ತು ಅನ್ನುತ್ತಾರಲ್ಲ, ಹಾಗಾಯಿತು. ಆದರೆ ಇಲ್ಲಿ ಮುಳುಗಿದ್ದು ಹಲ್ಲಿಯಲ್ಲ, ಪಾಪ, ಅದನ್ನು ನಂಬಿದವಳು.

ಅಡಿವೆಪ್ಪ ಚೀಲ ಮೂಲೆಗೆಸೆದ. ನಳ ರಿಪೇರಿ ಮಾಡಿಸಿದ. ಹಿತ್ತಲಿಗೆ ಹೊಸ ಬಾಗಿಲು ಹಾಕಿಸಿದ. ಅವಳ ಹಾಸಿಗೆಯ ಪಕ್ಕ ಕೂತು ಗಂಜಿ ಕುಡಿಸಿದ. ಒಂದು ದಿನ ಗಂಜಿಗೆ ಉಪ್ಪು ಹೆಚ್ಚಾಯಿತು. ಶಂಕ್ರೆವ್ವ ಮುಖ ಕಿವುಚಿ, "ಇಷ್ಟ ವರ್ಷ ನನ್ನ ಕೈಲೆ ಉಂಡೀರಿ, ಉಪ್ಪಿನ ಹದಾನೂ ತಿಳಿವಲ್ದೇನ್ರೀ?" ಅಂತ ಗದರಿದಳು. ದನಿ ಓಣಿಗಿರಲಿ, ಪಡಸಾಲೆಗೂ ಕೇಳುವಷ್ಟಿರಲಿಲ್ಲ. ಅಡಿವೆಪ್ಪ ಬಟ್ಟಲು ಕೆಳಗಿಟ್ಟು ಗಳಗಳ ಅತ್ತ.

"ಇನ್ನೊಂದ್ಸಲ ಬೈ" ಅಂದ.

ಅವಳಿಗೆ ಅಷ್ಟು ಉಸಿರಿರಲಿಲ್ಲ. ಅವನ ಕೈ ಹಿಡಿದು ಮಲಗಿದಳು. ಸಂಕ್ರಾಂತಿ ಬರುವ ಮೊದಲೇ ಹೋಗಿಬಿಟ್ಟಳು.

ದಿನಗಳು ಕಳೆದ ಮೇಲೆ ಸೋಮನಿಂಗ ಮತ್ತೆ ಬಂದ. ಗೋವೆಗೆ ಹೊರಟಿದ್ದ. ಹೆಗಲಲ್ಲಿ ಚೀಲ ಇತ್ತು. ಅಂಜುತ್ತಂಜುತ್ತ, "ಗುರುಗಳ, ಒಂದ ಉಪದೇಶ" ಅಂದ.

ಅಡಿವೆಪ್ಪ ಈ ಸಲ ಕಣ್ಣು ಮುಚ್ಚಲಿಲ್ಲ. "ಹೊಂಡೂ ಮುಂದ ಮನ್ಯಾಗ ಬೈದ್ರೇನು?" ಅಂತ ಕೇಳಿದ.

"ಇಲ್ರಿ. ಸಂಕ್ರಾಂತಿಯಿಂದ ಈಚೆ ನಮ್ಮಾಕಿ ಏನೂ ಅಂದೇ ಇಲ್ರಿ. ನಕ್ಕೊಂತ ಕಳಿಸ್ತಾಳ."

"ಹಂಗಾರ ಚೀಲ ಇಲ್ಲೆ ಇಡು," ಅಂದ ಅಡಿವೆಪ್ಪ. "ಮನಿಗೆ ಓಡು."

ಸೋಮನಿಂಗ ಅವನ ಮುಖ ನೋಡಿದ. ಆಮೇಲೆ ಚೀಲ ಇಳಿಸಿ ಮನೆಯ ಕಡೆ ಓಡಿದ.

ನೀತಿ: ಪರರ ಮುಖ ಓದುವ ಜಾಣತನವನ್ನು ಮೊದಲು ಮನೆಯೊಳಗೆ ಬಳಸಬೇಕು. ನಮ್ಮೊಡನೆ ಜಗಳವಾಡುವವರಿಗೆ ನಮ್ಮ ಮೇಲೆ ಇನ್ನೂ ಆಸೆ ಇದೆ. ಅವರು ಸುಮ್ಮನಾದ ದಿನ ಗೆದ್ದೆವೆಂದು ಬೀಗದೆ, ಹತ್ತಿರ ಕೂತು ಏನಾಯಿತೆಂದು ಕೇಳಬೇಕು.