ರಾಗಿಕಲ್ಲಿಗೆ ಬಳಿದ ಲೇಪ

"ಬುದ್ಧಿ, ಮೊಡವೆ ಬಂದು ಹೋದ ಗುಳಿ ಮುಚ್ಚೋಕೆ ಏನು ಮಾಡ್ಬೇಕು?"

ಗುರುಗಳನ್ನು ಹೀಗೆ ಕೇಳಿದವನು ಮಠದ ಶಿಷ್ಯ ಗುರುಮಲ್ಲ. ಮರುದಿನ ಅವನು ಮೊದಲ ಸಲ ಜನರೆದುರು ಕೂತು ಪ್ರವಚನ ಮಾಡಬೇಕಿತ್ತು. ಈ ಗುಳಿಗಳಿಗೆ ನಾಚಿ ಆಗಲೇ ಎರಡು ಸಲ ಮುಂದೂಡಿಸಿದ್ದ. ಒಂದು ತಿಂಗಳಿಂದ ದೇವರಿಗೆ ಅಂತ ತೇಯ್ದ ಗಂಧದಲ್ಲಿ ಅರ್ಧ ಅವನ ಕೆನ್ನೆಗೇ ಹೋಗುತ್ತಿತ್ತು. ಈಗಲೂ ಗಂಧ ಒಣಗಿ ಮುಖ ಬಿಗಿದುಕೊಂಡು, ಬಾಯಿ ಪೂರ್ತಿ ತೆರೆಯುತ್ತಿರಲಿಲ್ಲ.

ಗುರುಗಳು ಖಾಲಿ ಗಂಧದ ಬಟ್ಟಲನ್ನು ನೋಡಿದರು. ಅವನ ಮುಖ ನೋಡಿದರು. ಆಮೇಲೆ ಕತೆ ಶುರು ಮಾಡಿದರು.

ಒಂದೂರಲ್ಲಿ ಒಬ್ಬಳು ಕಲ್ಲು ಕುಟ್ಟೋಳು ಇದ್ದಳು. ಬೀಸಿ ಬೀಸಿ ನುಣ್ಣಗಾಗಿ ಹಿಟ್ಟು ಬೀಳದ ರಾಗಿಕಲ್ಲಿಗೆ ಉಳಿ ಇಟ್ಟು ಬಡಿದು, ಮೈತುಂಬ ಸಣ್ಣ ಸಣ್ಣ ಗುಳಿ ಹಾಕಿಕೊಡೋದು ಅವಳ ಕಸುಬು. ಅವಳ ಕೆನ್ನೆಯಲ್ಲೂ ಮೊಡವೆ ಗುಳಿಗಳು. ಬೀದಿಯಲ್ಲಿ ಹೋದರೆ ಜಗಲಿ ಮೇಲೆ ಕೂತವರು ಕೇಳೋರು: "ಏನವ್ವಾ, ಉಳಿ ಚೂಪಿದೆಯಾ ಅಂತ ಕೆನ್ನೆ ಮೇಲೇ ನೋಡ್ಕೊಂಡ್ಯಾ?"

"ನಿಮ್ಮ ನಾಲಿಗೆ ಮೇಲೆ ನೋಡೋಣ ಅಂದ್ಕೊಂಡೆ. ಅದು ಒಂದು ಕಡೆ ನಿಲ್ಲಲ್ವಲ್ಲ," ಅನ್ನೋಳು. ಅಂದು ಮುಂದೆ ಹೋಗೋಳು.

ಹೀಗಿದ್ದವಳಿಗೆ ಒಂದು ಗಂಡು ಗೊತ್ತಾಗೋ ಹಾಗಾಯಿತು. ಹುಡುಗನಿಗೆ ಒಪ್ಪಿಗೆ. ಅವಳಿಗಂತೂ ಅವನ ಮೇಲೆ ಮೊದಲಿಂದಲೇ ಮನಸ್ಸಿತ್ತು. ಹುಡುಗನ ತಾಯಿ ಮಾತ್ರ, "ಆ ಕೆನ್ನೆ ನುಣ್ಣಗೆ ಮಾಡ್ಕೊಂಡು ಬರಲಿ, ಆಮೇಲೆ ತಾಂಬೂಲದ ಮಾತು," ಅಂದಳು.

ಜಗಲಿಯವರಿಗೆಲ್ಲ ಜವಾಬು ಕೊಡುತ್ತಿದ್ದವಳು ಈ ಮಾತಿಗೆ ಸೋತಳು. ಒಬ್ಬ ವೈದ್ಯನ ಹತ್ತಿರ ಹೋದಳು. ಅವನು ಮೇಣಕ್ಕೆ ಬೆಲ್ಲದ ಪಾಕ, ಶಂಖದ ಪುಡಿ, ಇನ್ನೂ ಏನೇನೋ ಕಲಸಿ ಒಂದು ಕುಡಿಕೆ ಲೇಪ ಕೊಟ್ಟ. ಗುಳಿಯೊಳಗೆ ಕೂತು ಗಟ್ಟಿಯಾಗುತ್ತೆ, ತೊಳೀಬೇಡ ಅಂದ.

ಮೊದಲ ದಿನ ಇರುವೆ ಬಂದವು. ಎರಡನೇ ದಿನ ಬಿಸಿಲಿಗೆ ಲೇಪ ಕರಗಿ ಹುಬ್ಬಿಗೆ ಅಂಟಿತು. ಕಿತ್ತರೆ ಬಲಗಡೆ ಹುಬ್ಬು ಅರ್ಧ ಅದರ ಜೊತೆ ಹೋಯಿತು. ಗುಳಿಗಳು ಇದ್ದ ಕಡೆಯೇ ಇದ್ದವು. ವೈದ್ಯ ಬೆಳಕಿಗೆ ಹಿಡಿದು ನೋಡಿ, "ಗುಣ ಕಾಣ್ತಾ ಇದೆ," ಅಂದ.

ಅಷ್ಟರಲ್ಲಿ ಹುಡುಗನ ತಾಯಿ ಹೇಳಿ ಕಳಿಸಿದಳು. ಮದುವೆಗೆ ಮುಂಚೆ ಮನೆಯ ರಾಗಿಕಲ್ಲು ಕುಟ್ಟಿಸಿ, ಪೂಜೆ ಮಾಡಿ, ಮೊದಲ ಹಿಟ್ಟು ಬೀಸೋದು ಅವರ ಪದ್ಧತಿ. ಊರಲ್ಲಿ ಕಲ್ಲು ಕುಟ್ಟೋಳು ಇವಳೊಬ್ಬಳೇ. ಇವಳು ಉಳಿ ಚೀಲ ಹೊತ್ತು ಹೋದಳು. ಬಾಗಿಲಲ್ಲೇ ಆ ತಾಯಿ ಮುಖ ನೋಡಿದಳು.

"ಗುಳಿ ಹಾಗೇ ಇದೆ. ಹುಬ್ಬು ಎಲ್ಲಿ ಹೋಯ್ತು?"

ಇವಳು ಉಳಿ ಚೀಲ ಕೆಳಗಿಟ್ಟಳು.

"ಹೋಗಲಿ ಬಿಡು. ಹೆಣ್ಣು ನೀನೋ ಇನ್ನೊಬ್ಬಳೋ, ಕಲ್ಲಂತೂ ಕುಟ್ಟಿಸ್ಲೇಬೇಕಲ್ಲ. ಒಳ್ಳೇ ಗುಳಿ ಬೀಳಲಿ," ಅಂತ ಹೇಳಿ ಆಕೆ ಒಳಗೆ ಹೋದಳು.

ಕಲ್ಲು ಕುಟ್ಟೋಳು ಕಲ್ಲಿನ ಮುಂದೆ ಕೂತಳು. ಉಳಿ ತೆಗೆದಳು. 'ಒಳ್ಳೇ ಗುಳಿ' ಅನ್ನೋ ಮಾತು ಇನ್ನೊಂದು ಸಲ ಕಿವಿಯಲ್ಲಿ ಕೇಳಿತು. ಉಳಿ ಚೀಲಕ್ಕೆ ಹಾಕಿದಳು. ಅದರಲ್ಲೇ ಇದ್ದ ವೈದ್ಯನ ಕುಡಿಕೆ ತೆಗೆದು, ಕಲ್ಲಿನಲ್ಲಿ ಉಳಿದಿದ್ದ ನಾಲ್ಕಾರು ಗುಳಿಗೂ ಲೇಪ ತುಂಬಿ, ಅಂಗೈಯಲ್ಲಿ ನೀವಿ, ಆ ತಾಯಿ ಕೇಳಿದ ಕೆನ್ನೆ ಥರ ಹೊಳೆಯೋ ಹಾಗೆ ಮಾಡಿದಳು.

"ಆಯ್ತು ಅತ್ತೆಮ್ಮ. ಬೀಸಿ ನೋಡಿ."

ಆಕೆ ಪೂಜೆ ಮಾಡಿ, ಬೊಗಸೆ ರಾಗಿ ಹಾಕಿ ಬೀಸಿದಳು. ರಾಗಿ ರಾಗಿಯಾಗೇ ಹೊರಗೆ ಬಂತು. ಜೋರಾಗಿ ಬೀಸಿದಳು. ಲೇಪ ಬಿಸಿಯಾಗಿ ಮೇಲಿನ ಕಲ್ಲು ಕೆಳಗಿನ ಕಲ್ಲಿಗೆ ಕಚ್ಚಿಕೊಂಡಿತು. ಗೂಟ ಹಿಡಿದು ಎಳೆದ ರಭಸಕ್ಕೆ ಗೂಟ ಕೈಗೆ ಬಂತು, ಆಕೆ ಹಿಂದಕ್ಕೆ ಬಿದ್ದಳು.

"ಏನೇ ಮಾಡಿದ್ದೀಯ ನನ್ನ ಕಲ್ಲಿಗೆ!"

"ನಿಮಗೆ ನುಣ್ಣಗಿದ್ರೆ ಇಷ್ಟ ಅಂತ ಕೇಳಿದ್ದೆ."

"ಅಯ್ಯೋ ಮಾರಾಯ್ತಿ, ಅದನ್ನ ಕೆರೆದು ಗುಳಿ ಹಾಕೇ!"

"ಹಾಕ್ತೀನಿ," ಅಂದಳು. ಒಂದು ಚೊಂಬು ನೀರು ಇಸ್ಕೊಂಡು ಆಕೆಯ ಎದುರಿಗೇ ಮುಖ ತೊಳೆದುಕೊಂಡಳು. ಇದ್ದಬದ್ದ ಲೇಪವೆಲ್ಲ ಹೋಯಿತು. "ಈ ಮುಖ ಇಟ್ಕೊಂಡೇ ನಿಮ್ಮ ಕಲ್ಲು ಕುಟ್ತೀನಿ. ನಿಮ್ಮ ಮನೆಗೆ ಬರ್ಬೇಕೋ ಬೇಡ್ವೋ, ಅದನ್ನ ಇನ್ಮೇಲೆ ನಾನು ಯೋಚ್ನೆ ಮಾಡ್ತೀನಿ."

ಸಂಜೆಯವರೆಗೂ ಆ ಮನೆಯಲ್ಲಿ ಉಳಿ ಸದ್ದು ಬಿಟ್ಟರೆ ಬೇರೆ ಸದ್ದು ಕೇಳಲಿಲ್ಲ.

ಗುರುಗಳು ಕತೆ ಅಲ್ಲಿಗೇ ನಿಲ್ಲಿಸಿದರು. ಗುರುಮಲ್ಲ ಕೇಳಿದ.

"ಕೊನೆಗೆ ಮದುವೆ ಆಯ್ತಾ ಬುದ್ಧಿ?"

"ಅದು ಅವಳ ಯೋಚನೆ ಕಣಪ್ಪ. ನಾಳೆ ನೀನೇ ಕಲ್ಲು, ಇಡೀ ಊರು ರಾಗಿ ಹೊತ್ಕೊಂಡು ನಿನ್ನ ಮುಂದೆ ಬಂದು ಕೂರುತ್ತೆ, ನೀನು ಏನು ಬಳ್ಕೊಂಡು ಕೂರ್ತೀಯ ಹೇಳು."

ಗುರುಮಲ್ಲ ಚೊಂಬಿನ ನೀರಿಗೆ ಕೈ ಹಾಕಿದ. ಈ ಸಲ ಅದು ಗಂಧ ತೇಯಲಿಕ್ಕಲ್ಲ.