ಎಕ್ಕದ ಹುಳದ ವಿಚಾರಣೆ

ಹತ್ತಿರ ಕೂತ್ಕೊಳ್ಳಿ ಮಕ್ಕಳಾ, ಇದು ನಗುವ ಕಥೆಯಲ್ಲ. ಒಂದು ರಾಜಧಾನಿ. ಅಲ್ಲಿ ಕೋಟೆ ಗೋಡೆಗೆ ಆತುಕೊಂಡ ಕೇರಿಯಲ್ಲಿ ಪುಟ್ಟನಂಜಿ ಅಂತ ಒಬ್ಬ ಹೆಂಗಸಿದ್ದಳು. ಅವಳ ಹಿತ್ತಿಲಲ್ಲೊಂದು ಎಕ್ಕದ ಗಿಡ. ಶನಿವಾರ ಶನಿವಾರ ಅದರ ಹೂವಿನ ಹಾರ ಕಟ್ಟಿ ಹನುಮಂತರಾಯನ ಗುಡಿ ಮುಂದೆ ಮಾರುವಳು. ಅದರಿಂದಲೇ ಅವಳ ಗಂಜಿ. ಗಿಡ ಹೋದರೆ ಗಂಜಿಯೂ ಹೋಯಿತು.

ಆ ಊರಿನ ರಾಜನಿಗೆ ಯುದ್ಧವಿಲ್ಲದೆ ಬೇಸರವಾಯಿತು. ಊರಿನ ಹಿತ್ತಿಲುಗಳಲ್ಲಿ ಯಾವ ಹೂವಿದೆ, ಯಾವ ಹುಳವಿದೆ, ಗುರುತಿಸಿ ಬರೆಯಿರಿ ಎಂದ. ಆಸ್ಥಾನದ ಭುಜಂಗ ಪಂಡಿತ ಬರೆದ. ಗ್ರಂಥದ ಮೊದಲರ್ಧ 'ಉಳಿಸತಕ್ಕವು', ಉಳಿದರ್ಧ 'ಅಳಿಸತಕ್ಕವು'. ತುಂಬೆ ಉಳಿಯಿತು. ಉತ್ತರಾಣಿ ಅಳಿಯಿತು, ಯಾಕೆಂದರೆ ಅದು ಪಂಡಿತನ ಪಂಚೆಗೆ ಅಂಟಿಕೊಂಡಿತ್ತು. ರಾಣಿ ಮೆಚ್ಚಿದ ಕಿತ್ತಳೆ ಚಿಟ್ಟೆ ಉಳಿಯಿತು. ಎಕ್ಕದ ಎಲೆ ತಿನ್ನುವ ಪಟ್ಟೆಹುಳ ಅಳಿಯಿತು. ಗ್ರಂಥ ಬರೆಯಲು ಪಂಡಿತ ಒಂದು ಹಿತ್ತಿಲಿಗೆ ಒಂದೇ ಸಲ ಹೋಗುತ್ತಿದ್ದ. ಎರಡನೇ ಸಲ ಹೋದರೆ ಮೊದಲನೇ ಸಲ ಸರಿಯಾಗಿ ನೋಡಲಿಲ್ಲ ಎಂದಾಗುತ್ತದಲ್ಲ.

ರಾಜ ಡಂಗುರ ಹೊಡೆಸಿದ. ಅಳಿಸತಕ್ಕ ಹುಳ ಕಂಡರೆ ಅದು ಕೂತ ಗಿಡವನ್ನೂ ಸುಡತಕ್ಕದ್ದು. ಉಳಿಸತಕ್ಕದ್ದನ್ನು ಕೊಂದವನನ್ನು ಗಡೀಪಾರು ಮಾಡತಕ್ಕದ್ದು.

ಪಂಡಿತ ಗಾಣಿಗರ ಹಿತ್ತಿಲಿಗೆ ಹೋದ. ಎಕ್ಕದಲ್ಲಿ ಪಟ್ಟೆಹುಳ. ಸುಟ್ಟ. ಕುಂಬಾರರ ಹಿತ್ತಿಲಿಗೆ ಹೋದ. ಪಟ್ಟೆಹುಳ. ಸುಟ್ಟ. ಹೀಗೆ ಊರಿನ ಎಕ್ಕವನ್ನೆಲ್ಲ ಸುಟ್ಟು, ಕೊನೆಗೆ ಪುಟ್ಟನಂಜಿಯ ಹಿತ್ತಿಲಿಗೆ ಬಂದ. ಅಲ್ಲೂ ಪಟ್ಟೆಹುಳ.

"ನಾಳೆ ಈ ಗಿಡ ಸುಡ್ತೀವಿ."

"ಬುದ್ಧಿ, ಇನ್ನೊಂದು ಹದಿನೈದು ದಿನ ಬಿಟ್ಟು ಬಂದು ನೋಡಿ."

"ಗ್ರಂಥ ಬರೆದವನು ನಾನು. ನೀನು ನನಗೆ ಪಾಠ ಹೇಳ್ತೀಯಾ?"

"ಪಾಠ ನಂಗೆಲ್ಲಿ ಬರ್ತದೆ. ಆಸ್ಥಾನದಲ್ಲಿ ವಿಚಾರಣೆ ಕೇಳ್ತೀನಿ, ಅಷ್ಟೆ."

ಕೇಳಿದರೆ ವಿಚಾರಣೆ ನಡೆಸಲೇಬೇಕು, ತೀರ್ಪಿನವರೆಗೆ ಗಿಡ ಮುಟ್ಟಬಾರದು ಎಂದು ಕಾನೂನಿತ್ತು. ಪಂಡಿತ ಹುಳವನ್ನು ಬಿದಿರಿನ ಬುಟ್ಟಿಗೆ ಹಾಕಿದ.

"ಅಪರಾಧಿಗೂ ಊಟ ಹಾಕ್ತಾರೆ ಬುದ್ಧಿ," ಎಂದಳು ಪುಟ್ಟನಂಜಿ. ಪಂಡಿತ ದೊಡ್ಡ ಮನಸ್ಸು ಮಾಡಿ ಒಂದು ಎಕ್ಕದ ರೆಂಬೆ ಇಟ್ಟು, ಮುಚ್ಚಳಕ್ಕೆ ಮೊಹರು ಹಾಕಿದ.

ರಾಜನಿಗೆ ಹೊಸ ಪೇಟ ಹೊಲಿಸುವ ಕೆಲಸವಿತ್ತು. ವಿಚಾರಣೆ ಬಂದದ್ದು ಹದಿನೇಳನೇ ದಿನ.

ಆ ಬೆಳಿಗ್ಗೆ ಪುಟ್ಟನಂಜಿ ಮನೆ ಬಿಡುವ ಹೊತ್ತಿಗೆ ಸೇವಕರು ಗುದ್ದಲಿ ಹಿಡಿದು ಬಂದರು. "ತೀರ್ಪು ಏನಂತ ಗೊತ್ತೇ ಇದೆಯಂತೆ. ಪಂಡಿತರು ಈಗಲೇ ಮುಗಿಸಿ ಅಂದ್ರು." ಬೇರುಸಮೇತ ಅಗೆದು ಸುಟ್ಟರು. ಅವಳು ಕೊನೆಯ ಎಲೆ ಉರಿದುಹೋಗುವವರೆಗೆ ನಿಂತು ನೋಡಿದಳು. ಆಮೇಲೆ ಸೆರಗಿನ ಬೂದಿ ಕೊಡವಿಕೊಂಡು ಆಸ್ಥಾನಕ್ಕೆ ನಡೆದಳು.

ರಾಜ ಕೇಳಿದ, "ಮೊಹರು ಯಾರದು?"

"ನನ್ನದೇ, ಪ್ರಭು," ಎಂದ ಪಂಡಿತ.

"ನಡುವೆ ಯಾರಾದರೂ ಬಿಚ್ಚಿದ್ದಾರೋ?"

"ಇಲ್ಲ, ಪ್ರಭು."

"ಒಳಗಿರುವುದು?"

"ಪಟ್ಟೆಹುಳ. ನನ್ನ ಗುರುತು ತಪ್ಪುವುದಿಲ್ಲ."

ಬುಟ್ಟಿ ಬಿಚ್ಚಿದರು. ಕಿತ್ತಳೆ ಚಿಟ್ಟೆ ಹಾರಿ ರಾಣಿಯ ತೋಳಿನ ಮೇಲೆ ಕೂತಿತು.

"ಇದೇ ಆ ಹುಳ, ಮಹಾಪ್ರಭು," ಎಂದಳು ಪುಟ್ಟನಂಜಿ. "ಪಂಡಿತರು ಊರೆಲ್ಲ ಸುಟ್ಟಿದ್ದು ಇವನ್ನೇ. ಅಲ್ಲ ಅನ್ನೋದಾದ್ರೆ, ಅವರ ಮೊಹರು ಸುಳ್ಳು ಅಂತ ಅವರೇ ಹೇಳ್ಲಿ."

ಮೊಹರು ಸುಳ್ಳೆಂದರೆ ಪದವಿ ಹೋಗುತ್ತದೆ. ನಿಜವೆಂದರೆ ಗಡೀಪಾರು. ಮೊಹರು ತನ್ನದೇ ಎಂದು ಪಂಡಿತ ಆಗಲೇ ಹೇಳಿಯಾಗಿತ್ತು. ಸಂಜೆಯೊಳಗೆ ಅವನನ್ನು ಗಡಿ ದಾಟಿಸಿದರು.

ರಾಜನಿಗೆ ಕರುಣೆ ಉಕ್ಕಿತು. "ಈಕೆಯ ಎಕ್ಕದ ಗಿಡವನ್ನು ಇನ್ನು ಯಾರೂ ಮುಟ್ಟಕೂಡದು."

"ಯಾವ ಗಿಡ, ಮಹಾಪ್ರಭು?" ಎಂದಳು ಪುಟ್ಟನಂಜಿ. ಅಪ್ಪಣೆ ಆಗಲೇ ತಾಮ್ರಪಟದಲ್ಲಿ ಕೆತ್ತಲು ಹೋಗಿಯಾಗಿತ್ತು.

ಚಿಟ್ಟೆ ಕಿಟಕಿ ದಾಟಿ ಹೋಯಿತು. ಮೊಟ್ಟೆಯಿಡಲು ಎಕ್ಕ ಹುಡುಕಿ ಗಾಣಿಗರ ಹಿತ್ತಿಲಲ್ಲಿ ಸುತ್ತಿತು, ಕುಂಬಾರರ ಹಿತ್ತಿಲಲ್ಲಿ ಸುತ್ತಿತು, ಪುಟ್ಟನಂಜಿಯ ಹಿತ್ತಿಲಲ್ಲಿ ಬೂದಿಯ ಮೇಲೆ ಸುತ್ತಿತು. ಮೂರನೇ ದಿನ ಕಾಣಲಿಲ್ಲ. ಆಮೇಲೆ ಆ ಊರಲ್ಲಿ ಯಾರೂ ಅದನ್ನು ಕಂಡಿಲ್ಲ.

ಇದರ ನೀತಿ ಇಷ್ಟೇ, ಮಕ್ಕಳಾ. ಒಂದೇ ಸಲ ನೋಡಿ ಯಾವ ಜೀವಕ್ಕೂ ತೀರ್ಪು ಕೊಡಬೇಡಿ. ತೀರ್ಪು ತಪ್ಪೆಂದು ಒಪ್ಪಿಕೊಳ್ಳಬಹುದು, ಸುಟ್ಟದ್ದನ್ನು ಚಿಗುರಿಸಲಾಗುವುದಿಲ್ಲ.